ಸ್ಕಿಜೋಫ್ರೇನಿಯಾ ಇರುವವರಿಗೆ ಯಾವ ಆರೈಕೆ ಎಷ್ಟು ಬೇಕು? ಮುಂಬೈಯ ಕನ್ನಡ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

"ಈಗ ಪರವಾಗಿಲ್ಲ. ಗಲಾಟೆ ಏನೂ ಇಲ್ಲ. ಮಾತ್ರೆ ನುಂಗುತ್ತಾನೆ, ಮಲಗುತ್ತಾನೆ." ಸ್ಕಿಜೋಫ್ರೇನಿಯಾ ಇರುವ ಮಗನನ್ನೋ ತಂಗಿಯನ್ನೋ ನೋಡಿಕೊಳ್ಳುವ ಮನೆಗಳಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಮಾಟುಂಗದಲ್ಲೂ ಇದೇ, ಡೊಂಬಿವಲಿಯಲ್ಲೂ ಇದೇ. ಮಾತು ಸುಳ್ಳಲ್ಲ. ಆದರೆ ಗಲಾಟೆ ಇಲ್ಲದಿರುವುದು ಬೇರೆ, ಆ ವ್ಯಕ್ತಿಗೆ ಬೇಕಾದದ್ದು ಸಿಗುತ್ತಿರುವುದು ಬೇರೆ. ಮೂವತ್ತೈದರ ಮನುಷ್ಯ ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರೆ ಮನೆಯೇನೋ ಶಾಂತವಾಗಿರುತ್ತದೆ. ಅವನ ಬದುಕು ನಿಂತುಹೋಗಿರುತ್ತದೆ.

ಇದಕ್ಕೆ ಕಾರಣ ಕಾಯಿಲೆಯ ಸ್ವಭಾವದಲ್ಲೇ ಇದೆ. ಇಲ್ಲದ ಧ್ವನಿ ಕೇಳಿಸುವುದು, ಬುಡವಿಲ್ಲದ ಸಂಶಯ, ಮಾತಿನ ಎಳೆ ತಪ್ಪುವುದು, ಇವು ಒಂದು ಬಗೆಯ ಲಕ್ಷಣಗಳು. ಉತ್ಸಾಹ, ಮಾತು, ಮುಖದ ಮೇಲಿನ ಭಾವ ಬತ್ತಿಹೋಗುವುದು ಇನ್ನೊಂದು ಬಗೆ. ಗಮನ, ನೆನಪು, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಯೋಜಿಸುವ ಶಕ್ತಿ ಕುಂದುವುದು ಮೂರನೆಯದು. ಈಗಿನ ಔಷಧಗಳು ಚೆನ್ನಾಗಿ ಕೆಲಸ ಮಾಡುವುದು ಮೊದಲನೆಯ ಬಗೆಯ ಮೇಲೆ. ಉಳಿದೆರಡನ್ನು ಮನೆಯವರು 'ಸೋಮಾರಿತನ' ಎಂದು ಕರೆಯುತ್ತಾರೆ. ದಿನನಿತ್ಯದ ಆರೈಕೆಯ ಅಗತ್ಯ ಬಹುಪಾಲು ಹುಟ್ಟುವುದು ಅಲ್ಲಿಂದಲೇ.

ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ಇಷ್ಟೆಲ್ಲ ತಿಳಿಯಲಾಗದು. ಮನೆಯಲ್ಲಿ ಕೂತು ತಿಳಿದು, ಬರೆದು, ಆ ಹಾಳೆಯನ್ನು ಕೇಸ್ ಪೇಪರ್ ಜೊತೆ ಒಯ್ಯಬೇಕು. ಇದು ರೋಗನಿರ್ಣಯವಲ್ಲ, ಔಷಧ ಬದಲಿಸುವ ಅಧಿಕಾರವನ್ನೂ ಯಾರಿಗೂ ಕೊಡುವುದಿಲ್ಲ. ವೈದ್ಯರ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸಕ್ಕೆ ಇದು ಆಧಾರ.

ಹಂತ 1: ಹೊತ್ತು, ಜಾಗ, ಭಾಷೆ

ರಾತ್ರಿಗಳಿಂದ ನಿದ್ರೆಯಿಲ್ಲದೆ, ಊಟ ಬಿಟ್ಟು, ಭಯದಲ್ಲಿ ಅಥವಾ ಉದ್ರೇಕದಲ್ಲಿರುವವರ ಬಳಿ ಹಾಳೆ ಪೆನ್ನು ಹಿಡಿದು ಕೂರಬೇಡಿ. ಆಗ ಬೇಕಾದದ್ದು ಚಿಕಿತ್ಸೆ. ಸ್ಥಿತಿ ಸ್ವಲ್ಪ ತಿಳಿಯಾದ ಮೇಲೆ ಎರಡು ಮೂರು ಬೈಠಕ್‌ಗಳಲ್ಲಿ, ಪ್ರತಿ ಸಲ ಅರ್ಧ ಗಂಟೆಗಿಂತ ಹೆಚ್ಚು ಎಳೆಯದೆ ಮಾತನಾಡಿ. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಇರಬಹುದು. ಮಧ್ಯಾಹ್ನದ ನಂತರ ಒಳ್ಳೆಯದು.

ಜಾಗದ ಪ್ರಶ್ನೆ ಮುಂಬೈಯಲ್ಲಿ ದೊಡ್ಡದು. ಒಂದು ರೂಮ್, ಒಂದು ಕಿಚನ್, ಐದು ಜನ. ಅಮ್ಮ ಒಲೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವಾಗ ಯಾರು ಮನಸ್ಸು ಬಿಚ್ಚಿಯಾರು? ಕಟ್ಟಡದ ಟೆರೇಸ್, ಹತ್ತಿರದ ಉದ್ಯಾನ, ಜನ ಕಡಿಮೆ ಇರುವ ಹೊತ್ತಿನ ದೇವಸ್ಥಾನದ ಅಂಗಳ ನಡೆಯುತ್ತದೆ. ಎದುರೆದುರು ಕೂರುವ ಬದಲು ಪಕ್ಕಪಕ್ಕದಲ್ಲಿ ನಡೆಯುತ್ತಾ ಮಾತನಾಡಿದರೆ ಸಂಶಯ ಹೆಚ್ಚಿರುವವರಿಗೂ ಹಗುರವೆನಿಸುತ್ತದೆ.

ಭಾಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮವರಲ್ಲಿ ಮನೆಯೊಳಗೆ ತುಳು, ಸಂಘದಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ, ಆಸ್ಪತ್ರೆಯಲ್ಲಿ ಮರಾಠಿ. ತುಳುವಿನಲ್ಲಿ ಬೈಯುವ ಧ್ವನಿಯನ್ನು ಹಿಂದಿಯಲ್ಲಿ ವಿವರಿಸಲು ಹೊರಟವರು "ಕುಛ್ ನಹೀ ಸಾಬ್" ಎಂದು ಮುಗಿಸಿಬಿಡುತ್ತಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಪಾಡೂ ಇದೇ. ಮನೆಮಾತಿನಲ್ಲಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ, ಅನುವಾದವನ್ನು ಆಮೇಲೆ ಮಾಡಿ. ಆಸ್ಪತ್ರೆಯಲ್ಲಿ ದುಭಾಷಿ ಬೇಕಾದರೆ ಯಾರಿರಲಿ ಎಂಬುದನ್ನು ಆ ವ್ಯಕ್ತಿಯೇ ಆರಿಸಲಿ. ಧ್ವನಿ ಬೈಯುತ್ತಿರುವುದು ಅಣ್ಣನ ಹೆಸರು ಹಿಡಿದಾದರೆ, ಅಣ್ಣನೇ ದುಭಾಷಿಯಾಗಿ ಕೂತು ಪ್ರಯೋಜನವಿಲ್ಲ.

ಹಂತ 2: ಹಾಳೆಯ ಮೇಲೆ ಎರಡು ಕಾಲಂ

ಚೌಕಟ್ಟನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಲಂಡನ್ನಿನಲ್ಲಿ ರೂಪಿಸಿ 1995ರಲ್ಲಿ ಪ್ರಕಟಿಸಿದ 'ಕ್ಯಾಂಬರ್‌ವೆಲ್ ಅಗತ್ಯ ಮಾಪನ' ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದು ಬದುಕನ್ನು 22 ವಿಷಯಗಳಾಗಿ ವಿಂಗಡಿಸುತ್ತದೆ: ವಸತಿ, ಊಟ, ಮನೆಗೆಲಸ, ಸ್ವಂತ ಶುಚಿ, ಹಗಲಿನ ಚಟುವಟಿಕೆ, ದೇಹಾರೋಗ್ಯ, ಮನೋವಿಕಾರದ ಲಕ್ಷಣಗಳು, ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ಮಾಹಿತಿ, ಮನಸ್ಸಿನ ಸಂಕಟ, ತನ್ನ ಸುರಕ್ಷತೆ, ಇತರರ ಸುರಕ್ಷತೆ, ಮದ್ಯ, ಮಾದಕ ವಸ್ತು, ಒಡನಾಟ, ಆಪ್ತ ಸಂಬಂಧ, ಲೈಂಗಿಕ ಜೀವನ, ಮಕ್ಕಳ ಪಾಲನೆ, ಓದುಬರಹ, ಫೋನ್ ಬಳಕೆ, ಓಡಾಟ, ಹಣ, ಸರ್ಕಾರಿ ಸವಲತ್ತು.

ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಉತ್ತರ. ತೊಂದರೆ ಇಲ್ಲದಿದ್ದರೆ 0. ತೊಂದರೆ ಇದ್ದರೂ ಸಿಗುತ್ತಿರುವ ನೆರವಿನಿಂದ ನಡೆದುಹೋಗುತ್ತಿದ್ದರೆ 1. ನೆರವು ಸಿಗದೆ, ಅಥವಾ ಸಿಕ್ಕರೂ ಸಾಲದೆ ಗಂಭೀರ ತೊಂದರೆ ಉಳಿದಿದ್ದರೆ 2. ಈ ಮಾಪನದ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ವ್ಯಕ್ತಿಯ ಉತ್ತರ ಒಂದು ಕಾಲಂನಲ್ಲಿ, ನೋಡಿಕೊಳ್ಳುವವರ ಅಥವಾ ಸಿಬ್ಬಂದಿಯ ಉತ್ತರ ಇನ್ನೊಂದರಲ್ಲಿ. ಎರಡೂ ಹೊಂದದಿದ್ದರೆ ತಿದ್ದಿ ಒಂದು ಮಾಡಬಾರದು. ಅಪ್ಪ "ಒಡನಾಟ: 0" ಎಂದಿದ್ದಾರೆ, ಮಗಳು "2" ಎಂದಿದ್ದಾಳೆ, ಹಾಗಿದ್ದರೆ ಮಾತು ಶುರುವಾಗಬೇಕಾದದ್ದು ಅಲ್ಲಿಂದ.

1 ಅಂಕವಿದ್ದಲ್ಲೆಲ್ಲ ಪಕ್ಕದಲ್ಲಿ ಆ ನೆರವು ಯಾರದು ಎಂದು ಬರೆಯಿರಿ. ಎಲ್ಲ ಸಾಲಿನಲ್ಲೂ ಒಂದೇ ಹೆಸರು ಬಂದರೆ, ಅದೂ ಎಪ್ಪತ್ತು ದಾಟಿದ ತಾಯಿಯದಾದರೆ, ಆ ಅಂಕಗಳೆಲ್ಲ ಒಂದೇ ದಿನ 2 ಆಗಬಹುದು.

ಹಂತ 3: ಮೊದಲ ಪ್ರಶ್ನೆ ಆ ವ್ಯಕ್ತಿಗೆ

ಮನೆಯವರು 'ಅವನು' ಎಂದರೂ ಕೇಳುವವರು 'ನೀವು' ಎನ್ನಬೇಕು. "ಧ್ವನಿ ಇನ್ನೂ ಬರುತ್ತದೆಯೇ?" ಎಂದು ಆರಂಭಿಸಬೇಡಿ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ದಿನ ಹೇಗೆ ಹೋಯಿತು?" ಎನ್ನಿ. ನಿನ್ನೆಯ ದಿನ ಎಂದರೆ ಉತ್ತರ ನಿರ್ದಿಷ್ಟವಾಗಿ ಬರುತ್ತದೆ. 'ಸಾಮಾನ್ಯವಾಗಿ' ಎಂದರೆ "ಚೆನ್ನಾಗಿದೆ" ಎಂಬ ಒಂದೇ ಮಾತು. ಮೌನವನ್ನು ತುಂಬಿಸಲು ಅವಸರ ಪಡಬೇಡಿ. ಯೋಚನೆ ನಿಧಾನವಾಗಿರುವವರಿಗೆ ಅರ್ಧ ನಿಮಿಷ ದೊಡ್ಡ ಹೊತ್ತೇನಲ್ಲ.

ಬೇಕಾದದ್ದೇನು ಎಂದು ಕೇಳಿದಾಗ ಬರುವ ಉತ್ತರ ನಮ್ಮ ಪಟ್ಟಿಯಲ್ಲಿ ಇಲ್ಲದ್ದಾಗಿರಬಹುದು. ಒಬ್ಬರಿಗೆ ತನ್ನದೇ ಒಂದು ಕಪಾಟಿನ ಬೀಗ ಬೇಕು. ಇನ್ನೊಬ್ಬರಿಗೆ ಹದಿನೈದು ದಿನಕ್ಕೊಮ್ಮೆ ಸಮುದ್ರದಂಡೆಗೆ ಹೋಗಬೇಕು. ಅದನ್ನೂ ಬರೆಯಿರಿ, ಮೊದಲ ಸಾಲಿನಲ್ಲೇ. ಭ್ರಮೆಯ ಮಾತು ಬಂದರೆ ವಾದವೂ ಬೇಡ, ಹೌದೆಂದು ಒಪ್ಪುವುದೂ ಬೇಡ: "ಹಾಗನಿಸುವಾಗ ತುಂಬ ಭಯವಾಗುತ್ತದೆ ಅಲ್ಲವೇ? ಆಗ ಏನು ಮಾಡುತ್ತೀರಿ?" ಎಂದರೆ ಸಾಕು.

ಹಂತ 4: ಬದುಕಿನ ಒಂದೊಂದು ಮೂಲೆ

ಎಲ್ಲ 22ಕ್ಕೂ ಒಂದೇ ಹೊತ್ತು ಕೊಡಬೇಕಾಗಿಲ್ಲ. ಫೋನ್, ಓದುಬರಹದಂಥವು ಎರಡು ಮಾತಿನಲ್ಲಿ ಮುಗಿಯುತ್ತವೆ. ಕೆಲವೆಡೆ ಮಾತ್ರ ಆಳಕ್ಕೆ ಇಳಿಯಬೇಕು.

*ಊಟ.* ಕುರ್ಲಾದ ಒಂದು ಚಾಳಿನಲ್ಲಿ ತಾಯಿಯೊಬ್ಬರು "ಮಗನ ಊಟಕ್ಕೇನೂ ತೊಂದರೆ ಇಲ್ಲ" ಎಂದರು. "ಅಮ್ಮಾ, ನಿನ್ನೆ ಮಧ್ಯಾಹ್ನ ಹೇಗೆ ಊಟ ಮಾಡಿದರು, ಮೊದಲಿನಿಂದ ಹೇಳಿ" ಎಂದೆ. ಆಗ ಬಂದದ್ದು ಇದು: ಕುಚ್ಚಲಕ್ಕಿ ಅನ್ನ, ಸಾರು ಬಡಿಸಿ, ಮೊದಲು ತಾಯಿಯೇ ಒಂದು ತುತ್ತು ತಿಂದು ತೋರಿಸಬೇಕು. ಆಮೇಲೆ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು. ಅವರು ಎದುರಿದ್ದರೆ ಮಗ ತಟ್ಟೆ ಮುಟ್ಟುವುದಿಲ್ಲ. ತಾವು ಊರಿಗೆ ಹೋದರೆ ಮಗನಿಗೆ ಹೋಟೆಲಿನ ಊಟ ಸೇರುವುದಿಲ್ಲವೆಂದು ತಾಯಿ ಊರಿಗೇ ಹೋಗುತ್ತಿಲ್ಲ. ಈ ಒಂದು ಉತ್ತರದಲ್ಲಿ ಮೂರು ಸಂಗತಿಗಳಿವೆ. ವಿಷ ಹಾಕಿದ್ದಾರೆಂಬ ಸಂಶಯ ಇನ್ನೂ ಹೋಗಿಲ್ಲ. ವೈದ್ಯರಿಗೆ ಅದು ತಿಳಿದಿಲ್ಲ. ತಾಯಿಗೆ ಬಿಡುವೇ ಇಲ್ಲ. "ತೊಂದರೆ ಇಲ್ಲ" ಎಂಬ ಮಾತನ್ನು ಒಂದು ನಿರ್ದಿಷ್ಟ ಹೊತ್ತಿಗೆ ಇಳಿಸಿ ಕೇಳುವುದು ಇದಕ್ಕಾಗಿ.

*ಸ್ನಾನ, ಬಟ್ಟೆ.* ಸ್ನಾನ ಮಾಡುವುದಿಲ್ಲ ಎಂಬುದು ದೂರು, ಕಾರಣ ಬೇರೆ. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ. ಮಾತ್ರೆಯ ಮಂಪರಿನಲ್ಲಿ ಏಳುವುದು ಹನ್ನೊಂದಕ್ಕೆ. ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಂತರೆ ಎಲ್ಲರೂ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎನಿಸುತ್ತದೆ. ಮಾತ್ರೆಯ ಹೊತ್ತನ್ನು ಸಂಜೆಗೆ ಸರಿಸಬಹುದೇ ಎಂದು ವೈದ್ಯರನ್ನು ಕೇಳುವುದು, ಒಂದು ಡ್ರಮ್ ನೀರು ತುಂಬಿಸಿಡುವುದು, ಸಾಲಿಲ್ಲದ ಹೊತ್ತು ಗುರುತಿಸುವುದು, ಇಷ್ಟರಿಂದಲೇ 2 ಇದ್ದದ್ದು 1ಕ್ಕೆ ಇಳಿಯಬಹುದು.

*ಹಗಲು.* ಕಾಯಿಲೆಗೆ ಮುಂಚೆ ಏನು ಮಾಡುತ್ತಿದ್ದರು, ಏನು ಬಿಟ್ಟರು, ಈಗ ಯಾವ ಸಣ್ಣ ಕೆಲಸವನ್ನು ಹೇಳದೆಯೇ ಮಾಡುತ್ತಾರೆ? ಗಿಡಕ್ಕೆ ನೀರು ಹಾಕುವುದಾದರೂ ಆದೀತು, ಅದರಿಂದಲೇ ಮೇಲೆ ಕಟ್ಟಬೇಕು. ನಮ್ಮ ಜನರಲ್ಲಿ ಸಂಬಂಧಿಕರ ಹೋಟೆಲಿನಲ್ಲಿ ಕೂರಿಸುವ ರೂಢಿ ಇದೆ. ದಿನಕ್ಕೆ ಎರಡು ಗಂಟೆ ಕೂಪನ್ ಹರಿಯುವ ಕೆಲಸ ಒಳ್ಳೆಯದೇ. ಹನ್ನೆರಡು ಗಂಟೆಯ ದುಡಿಮೆ, ರಾತ್ರಿ ಪಾಳಿ, ಗದ್ದಲದ ಅಡುಗೆಮನೆ ಬೇಡವೇ ಬೇಡ. ನಿದ್ರೆ ಕೆಟ್ಟರೆ ಕಾಯಿಲೆ ಮರುಕಳಿಸಲು ದಾರಿಯಾಗುತ್ತದೆ.

*ದೇಹ.* ಈ ಸಾಲನ್ನು ಎಲ್ಲರೂ ಹಾರಿಸುತ್ತಾರೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನ ಸಾವು ಹೃದಯ, ಸಕ್ಕರೆ, ಶ್ವಾಸಕೋಶದಂಥ ತಡೆಯಬಹುದಾದ ಕಾಯಿಲೆಗಳಿಂದ. ಈ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ಲೋಜಪಿನ್ ಔಷಧಗಳು ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲವು. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ಕೊಬ್ಬಿನಂಶ ಇವನ್ನು ಔಷಧ ಶುರುವಾಗುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಿರಬೇಕು. ಕೊನೆಯ ಸಲ ನೋಡಿಸಿದ ದಿನಾಂಕ ಗೊತ್ತಿಲ್ಲದಿದ್ದರೆ ಅಂಕ 2.

ಕ್ಲೋಜಪಿನ್ ಇದ್ದರೆ ಬಿಳಿ ರಕ್ತಕಣಗಳ ಪರೀಕ್ಷೆ ತಪ್ಪಬಾರದು. ಜ್ವರ, ಗಂಟಲು ನೋವು ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಮಲಬದ್ಧತೆಯನ್ನು ಸಣ್ಣದೆಂದು ಬಿಡಬೇಡಿ, ಈ ಔಷಧದಲ್ಲಿ ಅದು ಪ್ರಾಣಾಪಾಯಕ್ಕೂ ಹೋಗಬಲ್ಲದು. ಬೀಡಿ ಸಿಗರೇಟಿನ ಹೊಗೆ ಒಲಾಂಜಪಿನ್, ಕ್ಲೋಜಪಿನ್ ಎರಡರ ಮಟ್ಟವನ್ನೂ ರಕ್ತದಲ್ಲಿ ಇಳಿಸುತ್ತದೆ. ಹಾಗಾಗಿ ಧೂಮಪಾನ ಬಿಟ್ಟರೆ, ಶುರುಮಾಡಿದರೆ, ಎರಡನ್ನೂ ವೈದ್ಯರಿಗೆ ತಿಳಿಸಬೇಕು. ಕೂತಲ್ಲಿ ಕೂರಲಾಗದೆ ಕಾಲು ಅಲ್ಲಾಡಿಸುತ್ತಾ ಅತ್ತಿತ್ತ ತಿರುಗುವುದು ಕಾಯಿಲೆಯ ಉದ್ರೇಕವೇ ಆಗಬೇಕೆಂದಿಲ್ಲ, ಔಷಧದ ಅಡ್ಡಪರಿಣಾಮವೂ ಇರಬಹುದು. ರಿಸ್ಪೆರಿಡೋನ್‌ನಂಥ ಔಷಧದಿಂದ ಮುಟ್ಟು ನಿಂತುಹೋದದ್ದನ್ನು ಹೆಣ್ಣುಮಕ್ಕಳು ತಾವಾಗಿ ಹೇಳುವುದಿಲ್ಲ. ಹೆಂಗಸರೊಬ್ಬರು ಪ್ರತ್ಯೇಕವಾಗಿ ಕೇಳಬೇಕು.

*ಮಾತ್ರೆ.* "ತೆಗೆದುಕೊಳ್ಳುತ್ತಾರೆಯೇ?" ಎಂದು ಕೇಳಬೇಡಿ. "ಈ ವಾರ ಎಷ್ಟು ಸಲ ತಪ್ಪಿತು?" ಎಂದು ಕೇಳಿ. ತಪ್ಪಿದ್ದರೆ ಕಾರಣ: ಮಂಪರು, ತೂಕ, ಲೈಂಗಿಕ ತೊಂದರೆ, ಹಣ, 'ವಾಸಿಯಾಯಿತಲ್ಲ' ಎಂಬ ನಂಬಿಕೆ. ಊರಿನಲ್ಲಿ ದೈವದ ದರ್ಶನದಲ್ಲಿ ಕೇಳಿದ್ದು, ನಾಗದೋಷಕ್ಕೆ ಪೂಜೆ ಮಾಡಿಸಿದ್ದು ಇದ್ದರೆ ಅದನ್ನೂ ಬರೆಯಿರಿ, ಅದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ಪೂಜೆ ನಡೆಯಲಿ, ಮಾತ್ರೆ ನಿಲ್ಲದಿರಲಿ. ಉಪವಾಸ, ಜಾಗರಣೆಯಂಥ ವ್ರತಗಳಿಗೆ ಮುಂಚೆ ವೈದ್ಯರಿಗೆ ಹೇಳಿ.

*ಸುರಕ್ಷತೆ.* ಸ್ಕಿಜೋಫ್ರೇನಿಯಾ ಇರುವವರಲ್ಲಿ ಸುಮಾರು ನೂರಕ್ಕೆ ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಕಾಯಿಲೆಯ ಮೊದಲ ವರ್ಷಗಳೂ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ವಾರಗಳೂ ಹೆಚ್ಚು ಅಪಾಯದವು. "ಸಾಯಬೇಕು ಅನಿಸುತ್ತದೆಯೇ? ಧ್ವನಿಗಳು ಹಾಗೆ ಮಾಡು ಎನ್ನುತ್ತವೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಉಳಿದ ಪ್ರಶ್ನೆಗಳನ್ನು ಅಲ್ಲಿಗೇ ಬಿಡಿ. ಒಬ್ಬರನ್ನೇ ಬಿಡಬೇಡಿ, ಮಾತ್ರೆಯ ದಾಸ್ತಾನನ್ನು ಬೀಗದಲ್ಲಿಡಿ, ಅಂದೇ ಆಸ್ಪತ್ರೆಗೆ ಹೋಗಿ. ಲೋಕಲ್ ರೈಲು ಹತ್ತಿ ಎಲ್ಲೋ ಇಳಿದುಬಿಡುವ ಸ್ವಭಾವವಿದ್ದರೆ, ಹೆಸರು ಮತ್ತು ಎರಡು ಫೋನ್ ನಂಬರ್ ಇರುವ ಚೀಟಿ ಪ್ರತಿ ಅಂಗಿಯ ಜೇಬಿನಲ್ಲಿರಲಿ. ದಿಕ್ಕಿಲ್ಲದೆ ಅಲೆಯುವ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಳ್ಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಪೊಲೀಸರ ಕರ್ತವ್ಯ.

*ಒಡನಾಟ, ಮದುವೆ.* "ಒಂದು ಮದುವೆ ಮಾಡಿದರೆ ಸರಿಹೋಗುತ್ತದೆ" ಎಂಬ ಮಾತು ಇನ್ನೂ ನಮ್ಮಲ್ಲಿ ಓಡಾಡುತ್ತಿದೆ. ಮದುವೆ ಚಿಕಿತ್ಸೆಯಲ್ಲ. ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಕೊನೆಗೆ ಬಿಡಬೇಕಾಗುತ್ತದೆ. ಆದರೆ ಸಂಗಾತಿ ಬೇಕೆಂಬ ಆಸೆ ನಿಜವಾದ ಅಗತ್ಯ. ಅದನ್ನು ನಗದೆ ಕೇಳಿಸಿಕೊಂಡು ಬರೆಯಿರಿ. ಮದುವೆಯಾಗಿದ್ದವರು ಗರ್ಭ ಧರಿಸುವ ಮುಂಚೆಯೇ ಔಷಧದ ಬಗ್ಗೆ ವೈದ್ಯರ ಜೊತೆ ಮಾತನಾಡಬೇಕು.

ಹಂತ 5: ನೋಡಿಕೊಳ್ಳುವವರಿಗೆ ಬೇರೆ ಹಾಳೆ

ಇದನ್ನು ಆ ವ್ಯಕ್ತಿಯ ಎದುರು ಮಾಡಬೇಡಿ. ನಿಮ್ಮ ನಿದ್ರೆ ಹೇಗಿದೆ? ನಿಮ್ಮ ಸ್ವಂತ ಮಾತ್ರೆಗಳನ್ನು ನುಂಗುತ್ತಿದ್ದೀರಾ? ಮನೆಯಿಂದ ಹೊರಗೆ ಒಂದು ರಾತ್ರಿ ಕಳೆದು ಎಷ್ಟು ಕಾಲವಾಯಿತು? ನಿಮ್ಮ ಮೇಲೆ ಕೈಮಾಡಿದ್ದುಂಟೇ? ತಾಯಂದಿರು ಕೊನೆಯ ಪ್ರಶ್ನೆಗೆ ತಡವಾಗಿ ಉತ್ತರಿಸುತ್ತಾರೆ, ಹಾಗಾಗಿ ಅವಸರ ಬೇಡ. ಟೀಕೆ, ಸಿಡುಕು, ಅತಿಯಾದ ಕಾಳಜಿ ಹೆಚ್ಚಿರುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ ಎಂದು ದಶಕಗಳ ಸಂಶೋಧನೆ ತೋರಿಸಿದೆ. ಮನೆಯವರಿಂದ ಕಾಯಿಲೆ ಬಂತು ಎಂದು ಇದರ ಅರ್ಥವಲ್ಲ. ದಣಿದವರು ಸಿಡುಕುತ್ತಾರೆ, ಅವರಿಗೆ ವಾರಕ್ಕೆ ಅರ್ಧ ದಿನದ ಬಿಡುವು ಸಿಗುವಂತೆ ಮಾಡುವುದೂ ಆರೈಕೆ ಯೋಜನೆಯ ಭಾಗ. ಪುಣೆಯಲ್ಲಿ 1997ರಲ್ಲಿ ಡಾ. ಜಗನ್ನಾಥ ವಾಣಿ ಅವರು ಕಟ್ಟಿದ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇಂಥ ಕುಟುಂಬಗಳ ಸ್ವಸಹಾಯ ಗುಂಪುಗಳಿಗಾಗಿ ದುಡಿದಿದೆ. ನಮ್ಮ ಸಂಘಗಳ ಒಂದು ಕೋಣೆ ತಿಂಗಳಿಗೊಂದು ಭಾನುವಾರ ಕನ್ನಡ ತುಳು ಮಾತನಾಡುವ ಮನೆಯವರಿಗೆ ತೆರೆದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಹಂತ 6: ಅಂಗವೈಕಲ್ಯ ಪ್ರಮಾಣಪತ್ರ, ಪಿಂಚಣಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಳೆಯುವುದು 'ಐಡಿಯಾಸ್' ಎಂಬ ಭಾರತೀಯ ಮಾಪನದಿಂದ. ಸ್ವಂತ ಆರೈಕೆ, ಜನರೊಂದಿಗಿನ ವ್ಯವಹಾರ, ಸಂವಹನ ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೆ 0ರಿಂದ 4 ಅಂಕ, ಕಾಯಿಲೆಯ ಅವಧಿಗೆ ಬೇರೆ ಅಂಕ, ಒಟ್ಟು 20. ಮೊತ್ತ 7 ಅಥವಾ ಹೆಚ್ಚಾದರೆ ಶೇ. 40ರ ಗಡಿ ತಲುಪಿದಂತೆ. ಹೆಚ್ಚಿನ ಸವಲತ್ತುಗಳು ಅಲ್ಲಿಂದ ಶುರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ವೈದ್ಯಕೀಯ ಮಂಡಳಿಯ ಮುಂದೆ ಹೋಗುವಾಗ ನಿಮ್ಮ ಹಾಳೆಯನ್ನೂ ಹಳೆಯ ಕೇಸ್ ಪೇಪರ್‌ಗಳನ್ನೂ ಒಯ್ಯಿರಿ. ಆ ದಿನ ಇಸ್ತ್ರಿ ಅಂಗಿ ಹಾಕಿ, "ಎಲ್ಲ ಮಾಡಿಕೊಳ್ಳುತ್ತಾನೆ" ಎಂದು ಮಾನ ಉಳಿಸಲು ಹೇಳುವ ತಂದೆಯರು ಅನೇಕ. ಯಾರ ನೆರವಿನಿಂದ ಮಾಡಿಕೊಳ್ಳುತ್ತಾನೆ ಎಂಬುದನ್ನೂ ಹೇಳಬೇಕು.

ರೈಲ್ವೆಯಲ್ಲೋ ಕೇಂದ್ರ ಸರ್ಕಾರದ ಕಚೇರಿಯಲ್ಲೋ ದುಡಿದು ಪಿಂಚಣಿ ಪಡೆಯುವವರು ಗಮನಿಸಿ: ಮಾನಸಿಕ ಅಸ್ವಸ್ಥತೆಯಿಂದ ದುಡಿಯಲಾಗದ ಮಗ ಅಥವಾ ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅವಕಾಶವಿದೆ. ನೀವಿರುವಾಗಲೇ ಆ ಹೆಸರನ್ನು ಪಿಂಚಣಿ ದಾಖಲೆಗೆ ಸೇರಿಸಿಸಿ. ನಿಮ್ಮ ನಂತರ ಕಾಗದ ಹಿಡಿದು ಅಲೆಯುವ ಶಕ್ತಿ ಅವರಿಗೆ ಇರುವುದಿಲ್ಲ.

ಹಂತ 7: ಹಾಳೆಯಿಂದ ಕೆಲಸಕ್ಕೆ

2 ಅಂಕ ಬಿದ್ದವುಗಳಲ್ಲಿ ಮೂರನ್ನು ಮಾತ್ರ ಆರಿಸಿ. ಪ್ರಾಣಕ್ಕೆ ಸಂಬಂಧಿಸಿದ್ದು ಯಾವಾಗಲೂ ಮೊದಲು. ಉಳಿದೆರಡರಲ್ಲಿ ಒಂದಾದರೂ ಆ ವ್ಯಕ್ತಿ ತಾನೇ ಕೇಳಿದ್ದಾಗಿರಲಿ. ಪ್ರತಿಯೊಂದಕ್ಕೂ ಯಾರು, ಯಾವ ವಾರ, ಏನು ಮಾಡುತ್ತಾರೆ ಎಂದು ಬರೆಯಿರಿ. 'ಗಮನಿಸಬೇಕು' ಎಂದು ಬರೆದರೆ ಯಾರೂ ಗಮನಿಸುವುದಿಲ್ಲ. ಪರೇಲಿನ ಕೆಇಎಂ, ಸಯನ್, ನಾಯರ್, ಜೆಜೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ; ಒಳರೋಗಿಯಾಗಿ ಹೆಚ್ಚು ಕಾಲ ಇರಬೇಕಾದವರಿಗೆ 1901ರಿಂದ ನಡೆಯುತ್ತಿರುವ ಠಾಣೆಯ ಮಾನಸಿಕ ಆಸ್ಪತ್ರೆ ಇದೆ. ಆದರೆ ಆಸ್ಪತ್ರೆಯೊಂದರಿಂದಲೇ ಎಲ್ಲವೂ ಆಗದು. ಗೋವಾ, ಸತಾರಾ, ತಮಿಳುನಾಡಿನಲ್ಲಿ ನಡೆದು 2014ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಮುದಾಯ ಕಾರ್ಯಕರ್ತರು ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ನೆರವಾದಾಗ ಲಕ್ಷಣಗಳೂ ದೈನಂದಿನ ಅಶಕ್ತತೆಯೂ ಸಾಧಾರಣ ಮಟ್ಟಿಗೆ ಹೆಚ್ಚು ಸುಧಾರಿಸಿದವು.

ಇದೇ ಹೊತ್ತಿನಲ್ಲಿ, ಮನಸ್ಸು ತಿಳಿಯಾಗಿರುವಾಗ, ಆ ವ್ಯಕ್ತಿ ಎರಡು ಕಾಗದ ಬರೆದಿಡಬಹುದು. 2017ರ ಕಾಯ್ದೆ ಎರಡಕ್ಕೂ ಹಕ್ಕು ಕೊಟ್ಟಿದೆ. ಕಾಯಿಲೆ ಹೆಚ್ಚಾದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನ ಒಂದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ತಿಳಿಸುವ ಕಾಗದ ಇನ್ನೊಂದು. ಇದಕ್ಕೆ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು.

ಕಪಾಟಿನ ಬಾಗಿಲ ಒಳಬದಿಗೆ ಇನ್ನೊಂದು ಹಾಳೆ ಅಂಟಿಸಿ. ಈ ವ್ಯಕ್ತಿಯಲ್ಲಿ ಕಾಯಿಲೆ ಮರುಕಳಿಸುವ ಮುಂಚೆ ಕಾಣುವ ಸೂಚನೆಗಳು (ಒಬ್ಬರಲ್ಲಿ ನಿದ್ರೆ ಹೋಗುತ್ತದೆ, ಇನ್ನೊಬ್ಬರು ಕಿಟಕಿ ಮುಚ್ಚತೊಡಗುತ್ತಾರೆ), ಈಗಿನ ಔಷಧಗಳ ಹೆಸರು ಮತ್ತು ಪ್ರಮಾಣ, ವೈದ್ಯರ ಫೋನ್, ಹಗಲು ರಾತ್ರಿ ಉಚಿತವಾಗಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಆಂಬುಲೆನ್ಸ್ 108, ತುರ್ತು ನೆರವು 112.

ಹಂತ 8: ಮತ್ತೆ ಯಾವಾಗ?

ಆರು ತಿಂಗಳಿಗೊಮ್ಮೆ ಹೊಸ ಹಾಳೆ ತೆಗೆದು ಮೊದಲಿನಿಂದ ಕೇಳಿ, ಹಳೆಯದನ್ನು ಎಸೆಯಬೇಡಿ. ಆಸ್ಪತ್ರೆಯಿಂದ ಬಂದ ವಾರ, ಔಷಧ ಬದಲಾದಾಗ, ಮನೆ ಬದಲಾದಾಗ, ಕೆಲಸ ಸಿಕ್ಕಾಗ ಅಥವಾ ಹೋದಾಗ ಅಷ್ಟು ಕಾಯಬೇಡಿ. ನೋಡಿಕೊಳ್ಳುವವರು ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ಅದೇ ವಾರ ಕೂರಬೇಕು. ಆಗ ಅಣ್ಣ ತಮ್ಮಂದಿರು, ಅಕ್ಕ ಭಾವಂದಿರು ಎಲ್ಲರೂ ಊರಿನಿಂದ ಬಂದು ಸೇರಿರುತ್ತಾರೆ. ಬೊಜ್ಜ (ಉತ್ತರಕ್ರಿಯೆ) ಮುಗಿಸಿ ರೈಲು ಹತ್ತುವ ಮೊದಲು, 1 ಅಂಕವಿದ್ದ ಪ್ರತಿ ಸಾಲಿನಲ್ಲಿ ಹೋದವರ ಹೆಸರಿನ ಜಾಗಕ್ಕೆ ಯಾರ ಹೆಸರು ಎಂದು ಅಲ್ಲೇ, ಆ ವ್ಯಕ್ತಿಯನ್ನೂ ಕೂರಿಸಿಕೊಂಡು ಬರೆದುಕೊಳ್ಳಿ.